ಅಮೆರಿಕದ ಇತಿಹಾಸಕ್ಕೆ ಗುರುವನ್ನು ಅರಸುವಾಗ

ಐಚ್ಛಿಕ ಕನ್ನಡದೊಡನೆ ಇತಿಹಾಸವನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗಳು ಎಲ್ಲ ಕಾಲೇಜುಗಳಲ್ಲಿಯೂ ಇದ್ದಾರೆ. ಶಾಸನ, ವಚನ, ಚಂಪೂಕಾವ್ಯಗಳ ಅಭ್ಯಾಸಕ್ಕೆ ಇತಿಹಾಸದ ತಿಳಿವಳಿಕೆ ಬೇಕಾಗುವುದರಿಂದ ಈ ಜೋಡಿ ಸಹಜವಾದುದು. ಕದಂಬರಿಂದ ಮೈಸೂರು ಒಡೆಯರವರೆಗಿನ ಭಾಗದಲ್ಲಿ ಇವರು ಸಹಪಾಠಿಗಳಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾರೆ. ತೊಡಕು ಹುಟ್ಟುವುದು ಜಗತ್ತಿನ ಇತಿಹಾಸದಲ್ಲಿ, ಅದರಲ್ಲಿಯೂ ಅಮೆರಿಕದ ಭಾಗಕ್ಕೆ ಬಂದಾಗ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಇತಿಹಾಸ ಐಚ್ಛಿಕದ ಎರಡನೆಯ ಪತ್ರಿಕೆಗೆ ಅಮೆರಿಕದ ಕ್ರಾಂತಿ, ಸಂವಿಧಾನ, ಅಂತರ್ಯುದ್ಧ, ಗುಲಾಮಗಿರಿಯ ನಿರ್ಮೂಲನ ಇವು ಪಠ್ಯಭಾಗಗಳು. ಆ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಕನ್ನಡ ಸಾಹಿತ್ಯವನ್ನೇ ಐಚ್ಛಿಕವಾಗಿ ತೆಗೆದುಕೊಂಡವರಿಗೂ ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆಯಲ್ಲಿ ಜಗತ್ತಿನ ಇತಿಹಾಸ ತಪ್ಪಿದ್ದಲ್ಲ. ಹೀಗಿರುವಾಗ ಈ ಭಾಗಕ್ಕೆ ಗುರುವನ್ನು ಎಲ್ಲಿ ಅರಸಬೇಕು, ಸಿಕ್ಕವರಲ್ಲಿ ಯಾರನ್ನು ಆರಿಸಬೇಕು ಎಂಬುದು ಪರೀಕ್ಷೆಯ ತಯಾರಿಯ ಮೊದಲ ಪ್ರಶ್ನೆಯಾಗುತ್ತದೆ. ಗಡಿನಾಡಿನ ವಿದ್ಯಾರ್ಥಿಗೆ ಈ ಪ್ರಶ್ನೆ ಇನ್ನೂ ಬಿಗಿಯಾಗಿ ಎದುರಾಗುವುದರಿಂದ ರಾಯದುರ್ಗ ಮತ್ತು ಮಡಕಶಿರಾ ಸೀಮೆಗಳನ್ನು ಮುಂದಿಟ್ಟುಕೊಂಡು ಅದನ್ನು ವಿಚಾರ ಮಾಡುವುದು ಅನುಕೂಲ.

ಇವೆರಡೂ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಊರುಗಳೆಂದೇ ವಾಡಿಕೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಮರುವಿಂಗಡಣೆಯಾದ ಮೇಲೆ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ರಾಯದುರ್ಗ ಹಿಂದೆ ಬಳ್ಳಾರಿ ಜಿಲ್ಲೆಯ ತಾಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿಯ ಆಲೂರು, ಆದೋನಿ, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಉಳಿದವು ಮೈಸೂರಿಗೆ ಬಂದವು. ಮಡಕಶಿರಾ ಸೀಮೆ ಮೂರು ಕಡೆ ಇಂದಿನ ಕರ್ನಾಟಕಕ್ಕೆ ಮೈಯೊಡ್ಡಿಕೊಂಡಿದೆ. ಅಲ್ಲಿನ ಹೇಮಾವತಿಯೇ ಶಾಸನಗಳ ಹೆಂಜೇರು, ನೊಳಂಬವಾಡಿ ಮೂವತ್ತೆರಡು ಸಾವಿರವನ್ನು ಆಳಿದ ನೊಳಂಬರ ರಾಜಧಾನಿ. ಅದರ ಕನ್ನಡ ಶಾಸನಗಳು ದಕ್ಷಿಣ ಭಾರತ ಶಾಸನ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾಗಿವೆ. ಡಿ. ಹಿರೇಹಾಳು, ಬೊಮ್ಮನಹಾಳು, ಕಣೇಕಲ್ಲು, ಗುಮ್ಮಗಟ್ಟ, ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆ ಮಂಡಲಗಳ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಬಹಳ. ಕನ್ನಡ ಮಾಧ್ಯಮದ ಶಾಲೆಗಳಿವೆ. ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಅಲ್ಲಿಂದ ಮುಂದೆ ದಾರಿ ಕಿರಿದಾಗುತ್ತದೆ. ಕೆಲವರು ಬಳ್ಳಾರಿ, ಚಳ್ಳಕೆರೆ, ಪಾವಗಡ, ಶಿರಾ, ಮಧುಗಿರಿಗಳಿಗೆ ಬರುತ್ತಾರೆ. ಉಳಿದವರು ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳುತ್ತಾರೆ.

ಆ ಹೊರಳುವಿಕೆಯ ಫಲವೇನೆಂಬುದು ಇತಿಹಾಸದ ಪಾಠದಲ್ಲಿ ನಿಚ್ಚಳವಾಗಿ ಕಾಣುತ್ತದೆ. ಪುಸ್ತಕ ಇಂಗ್ಲಿಷಿನದು, ಗುರುವಿನ ವಿವರಣೆ ತೆಲುಗಿನದು, ವಿದ್ಯಾರ್ಥಿಯ ಯೋಚನೆ ಕನ್ನಡದ್ದು. ಉತ್ತರ ಬರೆಯುವ ಹೊತ್ತಿಗೆ ಈ ಮೂರೂ ಕಲಸಿಕೊಳ್ಳುತ್ತವೆ. ಇದನ್ನು ಬರಿಯ ಭಾಷೆಯ ತಪ್ಪೆಂದು ಕೆಂಪು ಶಾಯಿಯಲ್ಲಿ ಗೀಟು ಹಾಕಿಬಿಟ್ಟರೆ ಸಾಲದು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು.

ತೆಲುಗಿನಲ್ಲಿ ‘ರಾಷ್ಟ್ರಂ’ ಎಂದರೆ ಕನ್ನಡದ ರಾಜ್ಯ. ‘ರಾಷ್ಟ್ರ ಪ್ರಭುತ್ವಂ’ ಎಂದರೆ ರಾಜ್ಯ ಸರ್ಕಾರ. ಕನ್ನಡದಲ್ಲಿ ‘ರಾಷ್ಟ್ರ’ವೆಂದರೆ ಇಡೀ ನಾಡು, ಸ್ವತಂತ್ರ ದೇಶ, ‘ಪ್ರಭುತ್ವ’ವೆಂದರೆ ಆಳುವ ಅಧಿಕಾರ, ಇಲ್ಲವೇ ಒಂದು ವಿದ್ಯೆಯ ಮೇಲಿನ ಹಿಡಿತ. ಗಡಿಯ ವಿದ್ಯಾರ್ಥಿ ತೆಲುಗಿನಲ್ಲಿ ಪಾಠ ಕೇಳುತ್ತಾನೆ: 1860ರ ಡಿಸೆಂಬರ್‌ನಲ್ಲಿ ದಕ್ಷಿಣ ಕ್ಯಾರೊಲಿನಾ ಒಕ್ಕೂಟದಿಂದ ಹೊರನಡೆಯಿತು, ಬಳಿಕ ಒಟ್ಟು ಹನ್ನೊಂದು ‘ದಕ್ಷಿಣ ರಾಷ್ಟ್ರಾಲು’ ಸೇರಿ ಬೇರೆ ಸರ್ಕಾರ ಮಾಡಿಕೊಂಡವು. ಉತ್ತರಪತ್ರಿಕೆಯಲ್ಲಿ ಅವನು ಕನ್ನಡದಲ್ಲಿ ಬರೆಯುವುದು ‘ಹನ್ನೊಂದು ದಕ್ಷಿಣ ರಾಷ್ಟ್ರಗಳು’ ಎಂದು. ಒಂದಕ್ಷರ ಬದಲಾಗಿದೆ, ಅರ್ಥ ಮಾತ್ರ ತಲೆಕೆಳಗಾಗಿದೆ. ಏಕೆಂದರೆ ಆ ಹನ್ನೊಂದು ರಾಜ್ಯಗಳು ಒಕ್ಕೂಟದ ಅಂಗಗಳೋ, ಬೇಕಾದಾಗ ಬಿಟ್ಟುಹೋಗಬಲ್ಲ ಸ್ವತಂತ್ರ ರಾಷ್ಟ್ರಗಳೋ ಎಂಬುದೇ ಆ ಯುದ್ಧದಲ್ಲಿ ತೀರ್ಮಾನವಾಗಬೇಕಾಗಿದ್ದ ಪ್ರಶ್ನೆ. ದಕ್ಷಿಣದವರು ತಾವು ರಾಷ್ಟ್ರವೆಂದರು. ಲಿಂಕನ್ ಅದನ್ನು ಒಪ್ಪಲಿಲ್ಲ. ಒಕ್ಕೂಟದಿಂದ ಏಕಪಕ್ಷೀಯವಾಗಿ ಬೇರ್ಪಡುವುದು ಅಸಿಂಧುವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1869ರಲ್ಲಿ ಟೆಕ್ಸಾಸ್ ಮೊಕದ್ದಮೆಯಲ್ಲಿ ಹೇಳಿತು. ಹೀಗೆ, ತನಗೆ ತಿಳಿಯದಂತೆಯೇ ವಿದ್ಯಾರ್ಥಿ ಸೋತ ಪಕ್ಷದ ವಾದವನ್ನು ತನ್ನ ಉತ್ತರದ ಮೊದಲ ವಾಕ್ಯದಲ್ಲಿ ಒಪ್ಪಿಕೊಂಡುಬಿಟ್ಟಿರುತ್ತಾನೆ.

ಇದಕ್ಕೆ ಮರಾಠಿಯನ್ನೂ ಸೇರಿಸಿಕೊಂಡರೆ ಸೋಜಿಗ ಹೆಚ್ಚುತ್ತದೆ. ತೆಲುಗಿನವರು ಅಮೆರಿಕವನ್ನು ‘ಅಮೆರಿಕಾ ಸಂಯುಕ್ತ ರಾಷ್ಟ್ರಾಲು’ ಎನ್ನುತ್ತಾರೆ. ಮರಾಠಿಯಲ್ಲಿ ‘ಸಂಯುಕ್ತ ರಾಷ್ಟ್ರ’ ಎಂದರೆ ನಾವು ವಿಶ್ವಸಂಸ್ಥೆ ಎನ್ನುವ ಸಂಸ್ಥೆ. ಅಮೆರಿಕವನ್ನು ಅವರು ‘ಅಮೆರಿಕೇಚೀ ಸಂಯುಕ್ತ ಸಂಸ್ಥಾನೇ’ ಎನ್ನುತ್ತಾರೆ. ಕನ್ನಡದ ‘ಅಮೆರಿಕ ಸಂಯುಕ್ತ ಸಂಸ್ಥಾನ’ವೂ ಅದೇ ಬಗೆಯದು. ಆದರೆ ಕನ್ನಡಕ್ಕೂ ಮರಾಠಿಗೂ ‘ಸಂಸ್ಥಾನ’ವೆಂದೊಡನೆ ಮೈಸೂರು, ಸಾಂಗ್ಲಿ, ಸೊಂಡೂರುಗಳಂಥ ಅರಸೊತ್ತಿಗೆಗಳು ನೆನಪಿಗೆ ಬರುತ್ತವೆ. ಅರಸನನ್ನು ಬೇಡವೆಂದು 1776ರಲ್ಲಿ ಬಂಡೆದ್ದ ವಸಾಹತುಗಳಿಗೆ ಈ ಹೆಸರು ಅಂಟಿಕೊಂಡಿರುವುದು ಭಾಷೆಯ ತಮಾಷೆಯೇ ಸರಿ. ಅಂತರ್ಯುದ್ಧಕ್ಕೆ ಮರಾಠಿಯಲ್ಲಿ ‘ಯಾದವೀ ಯುದ್ಧ’ವೆಂಬ ಮಾತು ಬಳಕೆಯಲ್ಲಿದೆ. ಮೌಸಲಪರ್ವವನ್ನು ಓದಿರುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಆ ಮಾತಿನ ಒಳಗುಟ್ಟು ಬೇಗ ಹಿಡಿಯುತ್ತದೆ: ಒಂದೇ ಕುಲದವರು ತಮ್ಮಲ್ಲೇ ಬಡಿದಾಡಿ ಸತ್ತದ್ದು ಎಂಬ ತೀರ್ಪು ಅದರೊಳಗಿದೆ. ಯುದ್ಧಾನಂತರ ಒಕ್ಕೂಟದ ಸರ್ಕಾರ ತಾನು ಅಚ್ಚು ಹಾಕಿಸಿದ ದಾಖಲೆಗಳಲ್ಲಿ ಅದನ್ನು ‘ದಂಗೆಯ ಯುದ್ಧ’ ಎಂದು ಕರೆಯಿತು. ದಕ್ಷಿಣದವರಲ್ಲಿ ಅನೇಕರು ‘ರಾಜ್ಯಗಳ ನಡುವಣ ಯುದ್ಧ’ ಎನ್ನುತ್ತ ಬಂದರು. ಹೆಸರಿಡುವವನೇ ಅರ್ಧ ವಾದವನ್ನು ಗೆದ್ದಿರುತ್ತಾನೆ.

ಆದುದರಿಂದ ಗಡಿನಾಡಿನ ವಿದ್ಯಾರ್ಥಿ ಗುರುವನ್ನು ಅರಸುವಾಗ ಮೊದಲು ನೋಡಬೇಕಾದದ್ದು ಇದು: ಆ ಗುರುವಿಗೆ ಈ ಮಾತುಗಳ ಭೇದ ಗೊತ್ತೇ? ಅವರು ಕನ್ನಡದವರೇ ಆಗಿರಬೇಕೆಂದಿಲ್ಲ. ತೆಲುಗಿನ ಅಧ್ಯಾಪಕರು ‘ನಾವು ರಾಷ್ಟ್ರಂ ಎನ್ನುವುದನ್ನು ನೀನು ರಾಜ್ಯವೆಂದು ಬರೆ’ ಎಂದು ಒಂದು ಮಾತು ಹೇಳಿದರೆ ಸಾಕು, ಅರ್ಧ ಕೆಲಸವಾದಂತೆ. ಕನ್ನಡದವರೇ ಆಗಿದ್ದು ಮಾತಿನ ಕಡೆ ಲಕ್ಷ್ಯವಿಲ್ಲದವರಿಗಿಂತ ಇಂಥವರು ಮೇಲು. ಅನಂತಪುರ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣಶರ್ಮರು ಗುರುಗಳನ್ನರಸಿ ಮೈಸೂರಿಗೆ ಬಂದು, ಪರಕಾಲ ಮಠದಲ್ಲಿ ಸಂಸ್ಕೃತ ಕಲಿತು, ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದರು, ಕನ್ನಡದಲ್ಲಿಯೂ ಬರೆದರು. ಎರಡು ಭಾಷೆಗಳ ನಡುವೆ ನಿಂತು ಪಾಠ ಹೇಳುವ ಇಂಥ ಪರಂಪರೆ ಈ ಸೀಮೆಗೆ ಹೊಸದಲ್ಲ.

ಇನ್ನು ಪರೀಕ್ಷೆ ಏನನ್ನು ಕೇಳುತ್ತದೆ ಎಂಬುದು. ಇಲ್ಲಿ ಅಮೆರಿಕದಲ್ಲಿಯೇ ನಡೆಯುವ ಒಂದು ಪರೀಕ್ಷೆಯನ್ನು ಗಮನಿಸುವುದು ಲಾಭಕರ. ಅಲ್ಲಿನ ಪ್ರೌಢಶಾಲೆಯ ಮುಂದುವರಿದ ವಿದ್ಯಾರ್ಥಿಗಳಿಗಾಗಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಪ್ರತಿವರ್ಷ ಮೇ ತಿಂಗಳಲ್ಲಿ ‘ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್’ ಪರೀಕ್ಷೆಗಳನ್ನು ನಡೆಸುತ್ತದೆ. ಸಂಕ್ಷೇಪದಲ್ಲಿ ಎ.ಪಿ. ರಾಯದುರ್ಗದವರಿಗೆ ಎ.ಪಿ. ಎಂದರೆ ಲಾರಿಯ ನಂಬರಿನ ಮೊದಲೆರಡು ಅಕ್ಷರ. ನ್ಯೂಜೆರ್ಸಿಯ ಕನ್ನಡ ಮನೆಯಲ್ಲಿ ಅದು ಮಗಳ ಪರೀಕ್ಷೆಯ ಹೆಸರು. ಅಮೆರಿಕದ ಇತಿಹಾಸದ ಎ.ಪಿ. ಪರೀಕ್ಷೆ 1491ರಿಂದ ಇಂದಿನವರೆಗಿನ ಕಾಲವನ್ನು ಒಂಬತ್ತು ಘಟ್ಟಗಳಾಗಿ ಒಡೆದಿದೆ. ಬಹು ಆಯ್ಕೆಯ 55 ಪ್ರಶ್ನೆಗಳಿಗೆ ಶೇ. 40, ಕಿರು ಉತ್ತರಗಳಿಗೆ ಶೇ. 20, ದಾಖಲೆಗಳನ್ನು ಆಧರಿಸಿದ ಒಂದು ಪ್ರಬಂಧಕ್ಕೆ ಶೇ. 25, ಮತ್ತೊಂದು ದೀರ್ಘ ಪ್ರಬಂಧಕ್ಕೆ ಶೇ. 15. ಫಲಿತಾಂಶ 1ರಿಂದ 5ರವರೆಗಿನ ಒಂದು ಅಂಕಿ. ಒಳ್ಳೆಯ ಅಂಕಿ ಬಂದರೆ ಅನೇಕ ಕಾಲೇಜುಗಳು ಆ ವಿಷಯದ ಒಂದು ಪಾಠಕ್ರಮವನ್ನು ಮಾಫಿ ಮಾಡುತ್ತವೆ. ಅಂದರೆ ಶುಲ್ಕವೂ ಉಳಿಯುತ್ತದೆ. ಹೀಗಾಗಿ ಅಲ್ಲಿನ ಕನ್ನಡ ಕುಟುಂಬಗಳೂ ಗುರುವನ್ನು ಅರಸುತ್ತವೆ. ಗಣಿತಕ್ಕೆ ಮನೆಯಲ್ಲೇ ತಂದೆತಾಯಿ ಇದ್ದಾರೆ. ಅಮೆರಿಕದ ಇತಿಹಾಸವನ್ನು ಅವರು ಶಾಲೆಯಲ್ಲಿ ಕಲಿತವರಲ್ಲ. ಅಲ್ಲಿ ಬೆಳೆದ ಮಗುವಿಗೂ ಮಡಕಶಿರಾದ ವಿದ್ಯಾರ್ಥಿಗೂ ಒಂದು ಸಾಮ್ಯ: ಪಠ್ಯ ಹೇಳುವ ಕಥೆಯಲ್ಲಿ ತನ್ನ ಮನೆಯವರ ಜಾಗ ಯಾವುದೆಂದು ಇಬ್ಬರಿಗೂ ಯಾರೂ ಹೇಳಿರುವುದಿಲ್ಲ. ಭಾರತೀಯರಿಗೆ ಪೌರತ್ವ ಸಲ್ಲದೆಂದ 1923ರ ಭಗತ್ ಸಿಂಗ್ ಥಿಂಡ್ ತೀರ್ಪು, ಆ ಬಾಗಿಲನ್ನು ತುಸು ತೆರೆದ 1946ರ ಕಾಯಿದೆ, ಪೂರ್ತಿ ತೆರೆದ 1965ರ ವಲಸೆ ಕಾಯಿದೆ ಇವುಗಳಿಂದ ಪಾಠವನ್ನು ಆರಂಭಿಸುವ ಗುರು ಆ ಮಗುವಿಗೆ ಸಿಕ್ಕರೆ ಉಳಿದದ್ದು ಸಲೀಸು.

ಇವುಗಳಲ್ಲಿ ದಾಖಲೆಯ ಪ್ರಬಂಧವೇ ನಮಗೆ ಬೇಕಾದದ್ದು. ಏಳು ದಾಖಲೆಗಳನ್ನು ಕೊಟ್ಟು ಒಂದು ಗಂಟೆಯ ಕಾಲ ಕೊಡುತ್ತಾರೆ. ಪತ್ರ, ಭಾಷಣ, ಕಾಯಿದೆ, ವ್ಯಂಗ್ಯಚಿತ್ರ, ಅಂಕಿಅಂಶಗಳ ಪಟ್ಟಿ ಹೀಗೆ ಯಾವುದೂ ಇರಬಹುದು. ವಿದ್ಯಾರ್ಥಿ ತನ್ನದೊಂದು ವಾದವನ್ನು ಮಂಡಿಸಿ, ಕನಿಷ್ಠ ನಾಲ್ಕು ದಾಖಲೆಗಳಿಂದ ಅದನ್ನು ಸಮರ್ಥಿಸಿ, ದಾಖಲೆಗಳಲ್ಲಿಲ್ಲದ ಒಂದು ಸಂಗತಿಯನ್ನು ತನ್ನ ಓದಿನಿಂದ ತಂದು ಸೇರಿಸಿ, ಕನಿಷ್ಠ ಎರಡು ದಾಖಲೆಗಳ ವಿಷಯದಲ್ಲಿ ಇದನ್ನು ಯಾರು, ಯಾರಿಗಾಗಿ, ಯಾವ ಉದ್ದೇಶದಿಂದ ಬರೆದರು ಎಂಬುದು ಏಕೆ ಮುಖ್ಯವೆಂದು ವಿವರಿಸಿದರೆ ಏಳು ಅಂಕಗಳಲ್ಲಿ ಐದು ಕೈಗೆ ಬಂದಂತೆ. ಐಚ್ಛಿಕ ಕನ್ನಡದವರಿಗೆ ಇದು ಅಪರಿಚಿತ ವಿದ್ಯೆಯಲ್ಲ. ಶಾಸನವನ್ನು ಓದುವಾಗ ಬರೆಸಿದವನಾರು, ಬರೆದವನಾರು, ಕಂಡರಿಸಿದವನಾರು, ಯಾರು ಕಾಣಲೆಂದು ನಿಲ್ಲಿಸಿದರು ಎಂದು ಕೇಳುವುದು ಇದೇ ತಾನೇ?

ರಾಯದುರ್ಗಕ್ಕೆ ತಾಗಿಕೊಂಡಿರುವ ಮೊಳಕಾಲ್ಮೂರು ತಾಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಬಂಡೆಶಾಸನಗಳಿವೆ; 1892ರಲ್ಲಿ ಬಿ. ಎಲ್. ರೈಸ್ ಅವನ್ನು ಪತ್ತೆಹಚ್ಚಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಹೇಳಿಕೊಂಡು, ‘ಲಿಪಿಕಾರನಿಂದ’ ಎಂಬ ಅರ್ಥದ ಒಂದೇ ಒಂದು ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಅದನ್ನು ಓದಬಲ್ಲವರು ಆಗ ಆ ಗುಡ್ಡದ ಸುತ್ತ ಎಷ್ಟು ಮಂದಿ ಇದ್ದಾರು? ಅವನು ಅಲ್ಲಿಂದ ಬಂದವನೇ, ಅಲ್ಲಿ ಕೆಲಸ ಕಲಿತವನೇ, ತನ್ನ ವಿದ್ಯೆಯನ್ನು ಮೆರೆಸಿದನೇ? ರಾಜಾಜ್ಞೆಯ ವಿಷಯಕ್ಕೆ ಇದರಿಂದ ಯಾವ ಬದಲಾವಣೆಯೂ ಇಲ್ಲ. ರಾಜ್ಯವನ್ನು ನಡೆಸಿದ ಬರಹಗಾರರ ವಿಷಯಕ್ಕೆ ಮಾತ್ರ ಎಷ್ಟೋ ಗೊತ್ತಾಗುತ್ತದೆ. ಹೀಗೆ ದಾಖಲೆಯ ಅಂಚನ್ನು ನೋಡಲು ಕಲಿತ ಕಣ್ಣು ಅಮೆರಿಕದ ದಾಖಲೆಗೂ ಒದಗುತ್ತದೆ.

ಆ ದಾಖಲೆಗಳಲ್ಲಿ ಒಂದನ್ನು ತೆಗೆದುಕೊಳ್ಳೋಣ. 1863ರ ಜನವರಿ 1ರ ವಿಮೋಚನಾ ಘೋಷಣೆ. ಗೈಡುಗಳಲ್ಲಿ ಒಂದೇ ಸಾಲು: ಲಿಂಕನ್ ಗುಲಾಮರನ್ನು ಬಿಡುಗಡೆ ಮಾಡಿದನು. ಒಳ್ಳೆಯ ಗುರು ಘೋಷಣೆಯನ್ನೇ ಮುಂದಿಟ್ಟು, ಇದು ಎಲ್ಲಿ ಅನ್ವಯಿಸುವುದಿಲ್ಲ ಹುಡುಕು ಎನ್ನುತ್ತಾರೆ. ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ ಅದು ಅನ್ವಯ. ಒಕ್ಕೂಟದ ಸೈನ್ಯದ ವಶದಲ್ಲಿದ್ದ ಲೂಯಿಸಿಯಾನ ಮತ್ತು ವರ್ಜೀನಿಯದ ಕೆಲವು ಭಾಗಗಳನ್ನು ಹೆಸರಿಸಿ ಕೈಬಿಡಲಾಗಿದೆ. ಗುಲಾಮಗಿರಿ ಇದ್ದೂ ಒಕ್ಕೂಟದಲ್ಲಿಯೇ ಉಳಿದ ಡೆಲವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸೌರಿಗಳ ಸುದ್ದಿಯೇ ಇಲ್ಲ. ಇವುಗಳಿಗೆ ಇತಿಹಾಸದಲ್ಲಿ ‘ಗಡಿ ರಾಜ್ಯಗಳು’ ಎಂದೇ ಹೆಸರು. ಏಕೆ ಬಿಟ್ಟರು? ಅವು ಕೈತಪ್ಪಿದರೆ ಯುದ್ಧವೇ ಕೈತಪ್ಪುತ್ತಿತ್ತು. ಮೇಲಾಗಿ ಅಧ್ಯಕ್ಷನು ಘೋಷಣೆ ಹೊರಡಿಸಿದ್ದು ಸೇನಾಧಿಪತಿಯ ಅಧಿಕಾರದಿಂದ, ಯುದ್ಧದ ಅಗತ್ಯವೆಂದು. ಗುಲಾಮಗಿರಿ ದೇಶದಾದ್ಯಂತ ಕೊನೆಗೊಂಡದ್ದು 1865ರ ಡಿಸೆಂಬರ್‌ನಲ್ಲಿ ಅಂಗೀಕಾರ ಪಡೆದ ಹದಿಮೂರನೆಯ ತಿದ್ದುಪಡಿಯಿಂದ. ನಡುವಣ ಸೀಮೆಯವರನ್ನು ಕೈಬಿಡಲೂ ಆಗದೆ, ಪೂರ್ತಿ ತನ್ನವರೆಂದು ನಡೆಸಿಕೊಳ್ಳಲೂ ಆಗದೆ ಸರ್ಕಾರ ಮೌನ ವಹಿಸುವುದೆಂದರೇನೆಂದು ರಾಯದುರ್ಗದ ವಿದ್ಯಾರ್ಥಿಗೆ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಸಾಮ್ಯವನ್ನು ಅಲ್ಲಿಗೇ ನಿಲ್ಲಿಸಬೇಕು. ಭಾರತ ‘ರಾಜ್ಯಗಳ ಒಕ್ಕೂಟ’ವೆಂದು ಸಂವಿಧಾನದ ಮೊದಲ ಅನುಚ್ಛೇದ ಹೇಳುತ್ತದೆ; ಇಲ್ಲಿ ರಾಜ್ಯದ ಎಲ್ಲೆಯನ್ನು ಬದಲಿಸುವ ಅಧಿಕಾರ ಮೂರನೆಯ ಅನುಚ್ಛೇದದಂತೆ ಸಂಸತ್ತಿಗೆ ಇದೆ. ಅಮೆರಿಕದಲ್ಲಿ ಒಂದು ರಾಜ್ಯವನ್ನು ಒಡೆದು ಹೊಸದನ್ನು ಮಾಡಲು ಆ ರಾಜ್ಯದ ಶಾಸಕಾಂಗವೂ ಒಪ್ಪಬೇಕು. 1863ರಲ್ಲಿ ವರ್ಜೀನಿಯದಿಂದ ಪಶ್ಚಿಮ ವರ್ಜೀನಿಯ ಬೇರೆಯಾದಾಗ ಆ ಒಪ್ಪಿಗೆ ಕೊಟ್ಟ ಶಾಸಕಾಂಗ ಯಾವುದು, ಅದು ನಿಜವಾಗಿ ವರ್ಜೀನಿಯದ ಮಾತನ್ನು ಆಡಬಲ್ಲುದಾಗಿತ್ತೇ ಎಂಬುದು ಇಂದಿಗೂ ಚರ್ಚೆಗೆ ಯೋಗ್ಯವಾದ ವಿಷಯ.

ಗುರುವಿನ ಬೆಲೆ ಗೊತ್ತಾಗುವ ಇನ್ನೊಂದು ಜಾಗ ಹತ್ತಿ. 1861ರಲ್ಲಿ ಒಕ್ಕೂಟದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ಮುತ್ತಿಗೆ ಹಾಕಿದ್ದರಿಂದ ಲ್ಯಾಂಕಶೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಿತು. ಬೇಡಿಕೆ ಭಾರತದ ಕಡೆ ತಿರುಗಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಲ್ಲಿಯೇ ಅಮೆರಿಕದ ತಳಿಯ ಹತ್ತಿಯನ್ನು ಬೇರೂರಿಸಲಾಗಿತ್ತು. ಪೇಟೆಯಲ್ಲಿ ಅದಕ್ಕೆ ‘ಧಾರವಾಡ ಅಮೆರಿಕನ್’ ಎಂದೇ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಹತ್ತಿಯನ್ನು ಕಾರವಾರದ ಬಂದರಿಗೆ ಸಾಗಿಸುವ ಆತುರವಿತ್ತು. ಆಗ ಅನಂತಪುರ ಬೇರೆ ಜಿಲ್ಲೆಯೇ ಆಗಿರಲಿಲ್ಲ. 1882ರವರೆಗೆ ಅದು ಬಳ್ಳಾರಿಯೊಳಗೇ ಇತ್ತು. ಬಳ್ಳಾರಿ, ಅನಂತಪುರ, ಕರ್ನೂಲು ಸೀಮೆಗಳ ಎರೆನೆಲದ ಹತ್ತಿಯನ್ನು ವ್ಯಾಪಾರಿಗಳು ‘ವೆಸ್ಟರ್ನ್ಸ್’ ಎಂದು ಕರೆಯುತ್ತಿದ್ದರು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು, ಮುಂಬಯಿಯ ಷೇರುಪೇಟೆ ನೆಲಕಚ್ಚಿತು. ಸಾಲದ ಹೊರೆ ಹೊತ್ತ ಪುಣೆ, ಅಹಮದ್‌ನಗರ ಸೀಮೆಯ ರೈತರು ಹತ್ತು ವರ್ಷಗಳ ಬಳಿಕ, 1875ರಲ್ಲಿ, ಸಾಹುಕಾರರ ಲೆಕ್ಕದ ವಹಿಗಳಿಗೆ ಬೆಂಕಿ ಹಚ್ಚಿದರು. ಅದೇ ಕಾಲದಲ್ಲಿ, 1873ರಲ್ಲಿ, ಜೋತಿರಾವ್ ಫುಲೆ ತಮ್ಮ ‘ಗುಲಾಮಗಿರಿ’ಯನ್ನು ನೀಗ್ರೋ ಗುಲಾಮರ ಬಿಡುಗಡೆಗಾಗಿ ಹೋರಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಯುದ್ಧವೊಂದರಿಂದ ಒಬ್ಬನಿಗೆ ಬೆಲೆ ಬಂತು, ಒಬ್ಬನಿಗೆ ಸಾಲ ಬಂತು, ಒಬ್ಬನಿಗೆ ಮಾತು ಬಂತು. ಫುಲೆಯವರ ಪುಸ್ತಕ ಬಂದ ವರ್ಷವೇ ಜೀನ್ಸ್ ಪ್ಯಾಂಟಿನ ಮೂಲೆಗಳಿಗೆ ತಾಮ್ರದ ರಿವೆಟ್ ಹೊಡೆಯುವ ಪೇಟೆಂಟನ್ನು ಲೆವಿ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ ಪಡೆದರು. ಬಳ್ಳಾರಿಯಂತೆ ರಾಯದುರ್ಗವೂ ಇಂದು ಜೀನ್ಸ್ ಹೊಲಿಗೆಯ ಊರು. ಅಲ್ಲಿನ ವಿದ್ಯಾರ್ಥಿಗೆ ಅಮೆರಿಕದ ಇತಿಹಾಸವನ್ನು ಎಲ್ಲಿಂದ ಆರಂಭಿಸಬೇಕೆಂದು ತೋಚದ ಗುರುವನ್ನು ಜಾಣನೆನ್ನುವುದು ಕಷ್ಟ.

ಇಂಥವರು ಎಲ್ಲಿ ಸಿಗುತ್ತಾರೆ? ಗಡಿಯ ಎರಡೂ ಕಡೆ ಒಬ್ಬನೇ ಅರಸನ ಹೆಸರಿನ ಎರಡು ವಿಶ್ವವಿದ್ಯಾಲಯಗಳಿವೆ: ಅನಂತಪುರದ ಶ್ರೀಕೃಷ್ಣದೇವರಾಯ, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ. ಇತಿಹಾಸ ವಿಭಾಗದ ಸಂಶೋಧನ ವಿದ್ಯಾರ್ಥಿಗಳಲ್ಲಿ ಪಾಠ ಹೇಳಲು ಒಪ್ಪುವವರು ಇರುತ್ತಾರೆ, ಅವರಿಗೂ ಅದರಿಂದ ಖರ್ಚಿಗೆ ಒದಗುತ್ತದೆ. ನಿವೃತ್ತ ಅಧ್ಯಾಪಕರಿಗೆ ಕಾಲವಿದೆ. ಆದರೆ ಅವರ ಪಠ್ಯ ಹಳೆಯದಾಗಿರಬಹುದು, ಪ್ರಶ್ನೆಪತ್ರಿಕೆಯ ಇಂದಿನ ಮಾದರಿಯನ್ನು ವಿದ್ಯಾರ್ಥಿಯೇ ಒಯ್ದು ತೋರಿಸಬೇಕು. ಬಳ್ಳಾರಿಯಿಂದ ಚಿಕ್ಕಜಾಜೂರಿಗೆ ಹೋಗುವ ರೈಲುಮಾರ್ಗ ರಾಯದುರ್ಗವನ್ನು ಹಾದುಹೋಗುವುದರಿಂದ ಅಲ್ಲಿಯವರಿಗೆ ವಾರಕ್ಕೊಮ್ಮೆ ಬಳ್ಳಾರಿಗೆ ಹೋಗಿಬರುವುದು ಸಾಧ್ಯ. ಮಡಕಶಿರಾದವರಿಗೆ ಬಸ್ಸೇ ಗತಿ. ಫೋನಿನ ಪಾಠ ಅವರಿಗೆ ಹೆಚ್ಚು ಹೊಂದುತ್ತದೆ. ಫೋನಿನ ಪಾಠದಲ್ಲಿ ಮುಖ ಕಾಣದಿದ್ದರೂ ನಡೆದೀತು, ಬರೆದ ಉತ್ತರದ ಚಿತ್ರವನ್ನು ಕಳಿಸಿ ತಿದ್ದಿಸಿ ಪಡೆಯುವುದು ನಿಲ್ಲಬಾರದು. ನಾಲ್ವರು ಸೇರಿ ಒಬ್ಬ ಗುರುವನ್ನು ಗೊತ್ತುಮಾಡಿಕೊಂಡರೆ ವೆಚ್ಚ ಹಂಚಿಹೋಗುತ್ತದೆ, ಒಬ್ಬರ ಉತ್ತರವನ್ನು ಇನ್ನೊಬ್ಬರು ಓದಿದಂತೆಯೂ ಆಗುತ್ತದೆ. ವಿಷಯಕ್ಕೆ ಒಬ್ಬರು, ಕನ್ನಡದ ಬರವಣಿಗೆಗೆ ಇನ್ನೊಬ್ಬರು ಎಂದು ಇಬ್ಬರನ್ನು ಇಟ್ಟುಕೊಂಡರೂ ತಪ್ಪಿಲ್ಲ.

ಹಣ ಕೊಡುವ ಮುಂಚೆ ಒಂದು ಪಾಠವನ್ನು ಕೇಳಿಕೊಂಡು ಪಡೆಯಬೇಕು. ಆ ಪಾಠಕ್ಕೆ ವಿದ್ಯಾರ್ಥಿ ತಾನೇ ಒಂದು ಪುಟದ ದಾಖಲೆಯನ್ನು ಒಯ್ಯಲಿ. ಅದನ್ನು ಕೈಗೆ ಕೊಟ್ಟಾಗ ಗುರು ಮೊದಲು ಕೇಳುವುದೇನು ಎಂಬುದನ್ನು ಲಕ್ಷ್ಯವಿಟ್ಟು ನೋಡಬೇಕು. ‘ಇದು ಪರೀಕ್ಷೆಗೆ ಬರುವುದಿಲ್ಲ’ ಎಂದರೆ ಅಲ್ಲಿಗೆ ನಮಸ್ಕಾರ ಹೇಳಿ ಹೊರಡಬಹುದು. ‘ಇದನ್ನು ಯಾರು ಬರೆದರು, ನಿನಗೆ ಏನನಿಸುತ್ತದೆ?’ ಎಂದರೆ ಕುಳಿತುಕೊಳ್ಳಬಹುದು. ತಾವು ತಿದ್ದಿದ ಯಾವುದಾದರೂ ಹಳೆಯ ಉತ್ತರಪತ್ರಿಕೆಯನ್ನು, ಹೆಸರು ಮುಚ್ಚಿ, ತೋರಿಸುವಂತೆ ವಿನಯದಿಂದ ಕೇಳುವುದೂ ಯುಕ್ತ. ಅದರಲ್ಲಿ ಬರಿಯ ಅಂಕವಿದೆಯೋ, ಅಂಚಿನಲ್ಲಿ ಮಾತುಗಳಿವೆಯೋ? ಇಷ್ಟೇ ಅಂಕ ಬರುತ್ತದೆಂದು ಭರವಸೆ ಕೊಡುವವರು, ಖಂಡಿತ ಬರುವ ಹತ್ತು ಪ್ರಶ್ನೆಗಳೆಂದು ಪಟ್ಟಿ ಮಾರುವವರು, ಟೈಪು ಮಾಡಿದ ಟಿಪ್ಪಣಿಯನ್ನು ಹಂಚಿ ಕೈತೊಳೆದುಕೊಳ್ಳುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಇವರಿಗೆ ಕೊಡುವ ಹಣದಲ್ಲಿ ಬಳ್ಳಾರಿಗೆ ಹೋಗಿಬರುವ ಖರ್ಚು ಎಷ್ಟೋ ಸಲ ಹುಟ್ಟುತ್ತದೆ.

ಗುರು ಸಿಗುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕನ್ನಡ ಪಾಠಪುಸ್ತಕಗಳು ಚೌಕಟ್ಟಿಗೆ ಸಾಕು. ಎ.ಪಿ. ಪರೀಕ್ಷೆಯ ಹಿಂದಿನ ವರ್ಷಗಳ ಪ್ರಬಂಧ ಪ್ರಶ್ನೆಗಳನ್ನೂ ಅಂಕ ಕೊಡುವ ನಿಯಮಗಳನ್ನೂ ಕಾಲೇಜ್ ಬೋರ್ಡ್ ಹಣವಿಲ್ಲದೆ ಅಂತರಜಾಲದಲ್ಲಿ ಇಟ್ಟಿದೆ. ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ವಿಮೋಚನಾ ಘೋಷಣೆಯ ಮೂಲಪ್ರತಿಯ ಚಿತ್ರವಿದೆ. ಇಂಗ್ಲಿಷ್ ಕಠಿಣವೆಂದು ಹೆದರಬೇಕಾಗಿಲ್ಲ. ಘೋಷಣೆ ಕೆಲವೇ ಪುಟಗಳದ್ದು. ನಿಘಂಟು ಹಿಡಿದು ಎರಡು ಸಂಜೆ ಕುಳಿತರೆ ಮುಗಿಯುತ್ತದೆ. ಪಂಪನನ್ನು ಓದುವಾಗ ಪಡುವ ಶ್ರಮದ ಕಾಲುಭಾಗವೂ ಅದಕ್ಕೆ ಬೇಡ.

ಈ ಸಂಚಿಕೆಯ ಅಭ್ಯಾಸ: ವಿಮೋಚನಾ ಘೋಷಣೆಯಲ್ಲಿ ಕೈಬಿಟ್ಟ ಪ್ರದೇಶಗಳನ್ನು ಗುರುತುಮಾಡಿ, ಒಂದೊಂದನ್ನು ಕೈಬಿಟ್ಟ ಕಾರಣವನ್ನು ಎರಡೆರಡು ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆಯಿರಿ, ‘ರಾಷ್ಟ್ರ’ ಎಂಬ ಪದವನ್ನು ಎಲ್ಲಿಯೂ ಬಳಸದಿರಿ. ಬಳಿಕ ಹೇಮಾವತಿಯ ಯಾವುದಾದರೊಂದು ಶಾಸನವನ್ನು ಒಂಬತ್ತನೆಯ ಸಂಪುಟದಿಂದ ಆರಿಸಿ, ಅದನ್ನು ಬರೆಸಿದವನು ಯಾರು ಕಾಣಲೆಂದು ಬರೆಸಿದನೆಂಬುದನ್ನು ಒಂದು ಪುಟದಲ್ಲಿ ಚರ್ಚಿಸಿರಿ. ಉತ್ತರಗಳನ್ನು ಮುಂದಿನ ತಿಂಗಳ ಮೊದಲ ವಾರದೊಳಗೆ ವಿಭಾಗಕ್ಕೆ ತಲುಪಿಸಿದರೆ ತಿದ್ದಿ ಹಿಂದಿರುಗಿಸಲಾಗುವುದು.